ಗಾಲಿಯ ಗುರುತಿಗೆ ಹಾಕಿದ ಭಂಡಾರ

ನನ್ನ ಹೆಸರು ಅಮೋಘಿ ತಂದೆ ಗೊಲ್ಲಾಳಪ್ಪ ಪೂಜಾರಿ, ವಯಸ್ಸು 43 ವರ್ಷ, ಉದ್ಯೋಗ ಗೂಡ್ಸ್ ವಾಹನ ಚಾಲಕ, ಸಾಕಿನ್ ಕನಮಡಿ, ತಾಲೂಕು ತಿಕೋಟಾ, ಜಿಲ್ಲೆ ವಿಜಯಪುರ. ಇಂದು ಮಧ್ಯಾಹ್ನ 12:15ಕ್ಕೆ ಯಾರೂ ಕರೆತರದೆ ನಾನಾಗಿ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನಾನು ಹತ್ತೊಂಬತ್ತು ವರ್ಷಗಳಿಂದ ವಾಹನ ನಡೆಸುತ್ತಿದ್ದೇನೆ. ಇಷ್ಟು ವರ್ಷದಲ್ಲಿ ನನ್ನ ಗಾಡಿ ಒಂದು ಕೋಳಿಯನ್ನೂ ತುಳಿದಿಲ್ಲ, ಬೇಕಾದರೆ ಊರಲ್ಲಿ ವಿಚಾರಿಸಬಹುದು. ಇಂದು ಬೆಳಿಗ್ಗೆ 7:30ಕ್ಕೆ ಒಣದ್ರಾಕ್ಷಿಯ 140 ಬಾಕ್ಸ್ ಹೇರಿಕೊಂಡು ಕನಮಡಿಯಿಂದ ವಿಜಯಪುರಕ್ಕೆ ಹೊರಟೆನು. 8:05ಕ್ಕೆ, ತಿಕೋಟಾ ಇನ್ನೂ 4 ಕಿ.ಮೀ. ಇರುವಾಗ, ಜೋಳದ ಕಣಿಕೆ ಮೇವು ಹೇರಿದ ಟ್ರ್ಯಾಕ್ಟರ್ ಮುಂದೆ ಹೋಗುತ್ತಿತ್ತು. ತಿರುವು ಇದ್ದರೂ ಅದನ್ನು ಹಿಂದೆ ಹಾಕಲು ಬಲಕ್ಕೆ ತೆಗೆದುಕೊಂಡೆನು. ಎದುರಿಗೆ ಸ್ಕೂಟಿ ಬಂತು. ಬ್ರೇಕ್ ಹಾಕಿದರೂ ಗಾಡಿಯ ಬಲಮೂಲೆ ತಗುಲಿ, ಸ್ಕೂಟಿ ನಡೆಸುತ್ತಿದ್ದ ಅಂಗನವಾಡಿ ಕಾರ್ಯಕರ್ತೆ ಚಂದ್ರಕಲಾ ಎಂಬುವರು ಕೆಳಗೆ ಬಿದ್ದರು.

ಎಂಜಿನ್ ಬಂದ್ ಮಾಡಿ ಇಳಿದು, 8:07ಕ್ಕೆ 108ಕ್ಕೂ 8:09ಕ್ಕೆ 112ಕ್ಕೂ ಫೋನ್ ಮಾಡಿದೆನು. ಅವರ ಬಲಗಾಲು ಮುರಿದಿತ್ತು. ಸೇರಿದ ಜನ ಅವರನ್ನು ಎತ್ತಿ ಕೂಡಿಸಿ ನೀರು ಕುಡಿಸಲು ಬಂದರು. ನಾನು ಬಿಡದೆ ತಲೆಯನ್ನು ಅಲುಗದಂತೆ ಹಿಡಿದು ಕುಳಿತೆನು. ಇಬ್ಬರು ನನ್ನ ಕೊರಳಪಟ್ಟಿ ಹಿಡಿದರು. ಹೊಲಕ್ಕೆ ಹೊರಟಿದ್ದ ಸಕ್ರವ್ವ ಎಂಬುವರು, "ಹೊಡಿಯೂದಿದ್ರ ಆಮ್ಯಾಲ ಹೊಡೀರಿ, ಈಗ ಆಕಿ ತಲಿ ಹಿಡದಾನ" ಎಂದು ಬಿಡಿಸಿದರು.

8:26ಕ್ಕೆ ಆಂಬುಲೆನ್ಸ್ ಬಂತು. ದಾರಿಗಾಗಿ ಗಾಡಿ ಸರಿಸಲೇಬೇಕಿತ್ತು. ಸರಿಸಿದರೆ ಅದು ಎಲ್ಲಿ ನಿಂತಿತ್ತೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ನನ್ನದು ಕ್ಯಾಮೆರಾ ಇಲ್ಲದ ಬಟನ್ ಫೋನ್. ಉಳಿದವರೆಲ್ಲ ಗಾಯಾಳುವಿನ ವಿಡಿಯೋ ಮಾಡುತ್ತಿದ್ದರೇ ಹೊರತು ಗಾಲಿಯ ಕಡೆ ಒಬ್ಬರೂ ನೋಡಲಿಲ್ಲ. ಸುಣ್ಣದ ಕಡ್ಡಿಯೂ ಇರಲಿಲ್ಲ. ಕ್ಯಾಬಿನ್ನಿನಲ್ಲಿ ನಮ್ಮ ಮನೆದೇವರಾದ ಅಮೋಘಸಿದ್ಧನ ಭಂಡಾರ ಇತ್ತು. ಆ ಅರಿಷಿಣದ ಪುಡಿಯಿಂದ ನಾಲ್ಕೂ ಗಾಲಿಗಳ ಸುತ್ತ ಗೆರೆ ಹಾಕಿ, ನಂತರ ಗಾಡಿಯನ್ನು 15 ಅಡಿ ಎಡಕ್ಕೆ ಸರಿಸಿದೆನು. ಭಂಡಾರ ಕಂಡ ಮೇಲೆ ಯಾರೂ ಅದನ್ನು ತುಳಿಯಲಿಲ್ಲ. ಬಸ್ ಚಾಲಕರೂ ಬಸ್ಸನ್ನು ರಸ್ತೆಯಿಂದ ಇಳಿಸಿ ಸುತ್ತಿ ಹೋದರು.

8:50ಕ್ಕೆ ನಮ್ಮ ಮಾಲೀಕರ ಮೇಲ್ವಿಚಾರಕ ಭೀಮಾಶಂಕರ ಅವರು ಬಂದು ನೋಡಿದರು. ಬಲಗಾಲಿಗಳ ಗುರುತು ನಡುವಿನ ಬಿಳಿ ಗೆರೆ ದಾಟಿತ್ತು. "ಲೇ ಅಮೋಘಿ, ಬಲಗಡೀವು ಎರಡೂ ಕಾಲಿಲೆ ಒರಸಿ ಬಿಡು. ಲೈಸೆನ್ಸೂ ಹೋಗತೈತಿ, ನೌಕರೀನೂ ಹೋಗತೈತಿ" ಎಂದರು. ಭಂಡಾರ ಹಾಕಿ ಅದರ ಮೇಲೆ ಕಾಲಿಡುವ ಮನೆತನ ನಮ್ಮದಲ್ಲವೆಂದು ಅವರಿಗೆ ತಿಳಿಸಿದೆನು. ಅವರು ಸಿಟ್ಟಿನಿಂದ ಹೊರಟುಹೋದರು.

9:20ಕ್ಕೆ ಠಾಣೆಯ ಸಾಹೇಬರು ಬಂದು ಅಳತೆ ಮಾಡಿದರು. ಬಿಳಿ ಗೆರೆಯಿಂದ ಬಲಕ್ಕೆ 68 ಸೆಂ.ಮೀ. ಬಂತು. ಟೇಪಿನ ಇನ್ನೊಂದು ತುದಿಯನ್ನು ನಾನೇ ಹಿಡಿದಿದ್ದೆನು.

ತಿರುವಿನಲ್ಲಿ ಹಿಂದೆ ಹಾಕಿದ್ದು ನನ್ನ ತಪ್ಪು. ಆ ತಾಯಿಯ ಕಾಲು ನನ್ನಿಂದ ಮುರಿಯಿತು, ಅದರ ಸಂಕಟ ನನಗಿದೆ. ಕಾನೂನಿನಂತೆ ಏನಾಗಬೇಕೋ ಆಗಲಿ. ನಾಳೆ ಪತ್ರಿಕೆಯವರು ಕೇಳಿದರೆ ಅಪಘಾತ ಮಾಡಿದವನು ಕನಮಡಿಯ ಅಮೋಘಿ ಎಂದೇ ಹೇಳಬೇಕು. ಚಾಲಕ ಪರಾರಿ ಎಂದು ಮಾತ್ರ ಬರೆಸಬಾರದೆಂದು ಕೋರುತ್ತೇನೆ.

ಈ ಹೇಳಿಕೆಯನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜವಿದೆ.

ಸ್ಥಳ: ತಿಕೋಟಾ
ದಿನಾಂಕ: 11-02-2025
ಸಹಿ: ಅಮೋಘಿ ಗೊ. ಪೂಜಾರಿ, ಚಾಲಕ