ತೊಳೆದ ತೋಫು

ಕ್ಲಿನಿಕ್ಕಿನಲ್ಲಿ ನನ್ನ ಸರದಿಗೆ ಮುಂಚೆ ಇನ್ನೂ ಆರು ಮಂದಿ ಇದ್ದರು. ಎದುರಿನ ಬೆಂಚಿನಲ್ಲಿ ಅಕ್ಕ ತಂಗಿಯರಿಬ್ಬರು ಕೂತಿದ್ದರು. ಅವರ ತಂದೆ ತೂಕ ನೋಡಿಸಲು ಒಳಗೆ ಹೋಗಿದ್ದರು.

“ಈ ಸಲಾನೂ ತೂಕ ಇಳಿದಿದ್ರೆ ಆಸ್ಪತ್ರೆಗೆ ಸೇರಿಸಿ ಅಂದಿದಾರೆ ಡಾಕ್ಟ್ರು.”

“ತೋಫು ಮಾಡ್ತೀನಿ ಅಂದಿದ್ಯಲ್ಲಕ್ಕ, ಆ ಸೋಯಾ ಪನೀರು, ತಿಂದ್ರಾ?”

“ಅದರ ಕಥೆ ಕೇಳ್ಬೇಡ. ಬಟ್ಟೇಲಿ ಸುತ್ತಿ, ಮೇಲೆ ಕಲ್ಲು ಹೇರಿ ನೀರು ಬಸಿದೆ. ಸೋಯಾ ಸಾಸು, ಶುಂಠಿ, ಬೆಳ್ಳುಳ್ಳಿ, ನಿಂಬೆರಸ ಹಾಕಿ ನೆನೆಸಿಟ್ಟೆ. ಬೆಳಿಗ್ಗೆ ನೋಡಿದ್ರೆ ಬಟ್ಟಲಲ್ಲಿ ಬೆಳ್ಳಗೆ ಕೂತಿದೆ!”

“ಅಯ್ಯೋ, ಹೆಂಗೆ?”

“ಕಪ್ಪಗಾಗಿದೆ, ಕೆಟ್ಟೋಗಿದೆ ಅಂತ ಅಪ್ಪ ನಲ್ಲಿ ಕೆಳಗೆ ಹಿಡಿದು ತೊಳೆದುಬಿಟ್ಟಿದಾರೆ. ಮೂರು ನೀರಲ್ಲಿ!”

ತಂಗಿ ನಕ್ಕಳು.

“ನಗ್ಬೇಡ ಕಣೇ, ಮೈ ಉರಿಯುತ್ತೆ. ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು. ಸಿಟ್ಟಲ್ಲಿ ಹಾಗೇ ಕುಂಬಳಕಾಯಿ, ಕ್ಯಾರೆಟ್ಟಿನ ಜೊತೆ ಓವನ್ನಿಗೆ ತುರುಕಿದೆ.”

“ಅದನ್ನ ಯಾರು ತಿಂದ್ರು?”

“ಅವರೇ! ಎರಡು ಸಲ ಹಾಕಿಸ್ಕೊಂಡ್ರು. ಅವತ್ತಿಂದ ವಾರವಿಡೀ ಅದೇ ಬೇಕು.”

“ಹಾಗಾದ್ರೆ ನೆನೆಸೋದನ್ನೇ ಬಿಟ್ಬಿಡು.”

“ಸಪ್ಪೆ ತೋಫು ಸುಟ್ಟು ಬಡಿಸೋಕೆ ನಾನ್ಯಾಕೆ ಬೇಕು?”

ಅಷ್ಟರಲ್ಲಿ ತೆಳ್ಳನೆಯ ಮುದುಕರೊಬ್ಬರು ಚಪ್ಪಲಿ ಎಳೆಯುತ್ತ ಹೊರಬಂದರು.

“ಇನ್ನೂರು ಗ್ರಾಂ ಏರಿದೆ. ಆಸ್ಪತ್ರೆ ಬೇಡವಂತೆ.”

ಅಕ್ಕ ಒಂದು ಕ್ಷಣ ಕಣ್ಣು ಮುಚ್ಚಿದಳು.

“ಇವತ್ತೂ ಅದನ್ನೇ ಮಾಡಮ್ಮ. ನೀನು ನೆನೆಸಿಟ್ರೆ ಸಾಕು, ತೊಳೆಯೋದು ನಾನು ನೋಡ್ಕೋತೀನಿ.”

ಅಕ್ಕ ಫೈಲು ಎತ್ತಿಕೊಂಡು, ತುಟಿ ಬಿಗಿಹಿಡಿದು, ಅವರಿಗಿಂತ ಮುಂದೆ ಮೆಟ್ಟಿಲಿಳಿದಳು.