ಬಂಡೆಯ ಕಡೆಗೆ ವಾಲುವುದು

ಊದಿದ ಮಣಿಕಟ್ಟು ಹಿಡಿದುಕೊಂಡು ಮೂಳೆ ಡಾಕ್ಟರಿಗಾಗಿ ಕಾಯುತ್ತಿದ್ದ ದರ್ಜಿ, ತನ್ನ ಹೆದರಿಕೆ ಮರೆಯಲೆಂದು ಪಕ್ಕದ ಗಂಡಹೆಂಡಿರ ಮಾತಿಗೆ ಕಿವಿಗೊಟ್ಟ. ಗಂಡನ ಭುಜ ಜಾರಿತ್ತು. ಟವೆಲಿನಲ್ಲಿ ಕಟ್ಟಿದ ಕೈ ಕೊರಳಿಂದ ತೂಗುತ್ತಿತ್ತು. ಇಬ್ಬರ ಬಟ್ಟೆಯಿಂದಲೂ ಹೊಳೆಯ ನೀರು ತೊಟ್ಟಿಕ್ಕುತ್ತಿತ್ತು.

“ದೋಣಿಗೆ ಹುಟ್ಟು ಹಾಕೋದು ತೋಳಿಂದಲ್ಲ, ಸೊಂಟ ತಿರುಗಿಸಿ ಹಾಕ್ಬೇಕು ಅಂತ ಎಷ್ಟು ಬಡ್ಕೊಂಡೆ!” ಅಂದ ಗಂಡ.

“ಹೌದು, ನನಗೆ ಬಡ್ಕೊಂಡ್ರಿ. ಸೋಫಾ ಮೇಲೆ ಕೂರಿಸಿ, ಕೈಗೆ ಪೊರಕೆ ಕೊಟ್ಟು.”

“ಅದಕ್ಕೇ ನೀನು ಸರಿಯಾಗಿ ದಡ ಸೇರಿದೆ.”

“ನೀವು?”

“ನನ್ನ ಕಯಾಕ್ ಸರಿ ಇರ್ಲಿಲ್ಲ.”

“ಇಬ್ಬರದೂ ಒಂದೇ ಥರದ ದೋಣಿ, ರೀ.”

“ಆ ಬಂಡೆ ಅಲ್ಲಿರಬಾರ್ದಿತ್ತು.”

“ಬಂಡೆ ಎದುರಾದ್ರೆ ಅದರ ಕಡೆಗೇ ವಾಲು, ಹೆದರಿ ಆಚೆ ವಾಲಿದ್ರೆ ನೀರು ದೋಣೀನ ಮಗುಚಿಬಿಡತ್ತೆ ಅಂದಿದ್ದು ಯಾರು?”

“ನಾನೇ.”

“ಆಚೆ ವಾಲಿದ್ದು?”

ಗಂಡ ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರವನ್ನು ತದೇಕಚಿತ್ತದಿಂದ ನೋಡತೊಡಗಿದ.

“ಭಾನುವಾರ ಹೊಸಬರಿಗೆ ಹೇಳ್ಕೊಡ್ತೀನಿ ಅಂತ ಒಪ್ಕೊಂಡಿದೀನಿ ಕಣೇ. ಮಾನ ಹೋಗತ್ತೆ.”

“ಬಾಯಿಗೇನೂ ಪೆಟ್ಟಾಗಿಲ್ವಲ್ಲ. ನೀವು ದಡದಲ್ಲಿ ಕೂತು ಹೇಳಿ, ನಾನು ನೀರಲ್ಲಿ ಮಾಡಿ ತೋರಿಸ್ತೀನಿ.”

ಒಳಗಿನಿಂದ ಯಾರೋ ಚೀರಿದ್ದು ಕೇಳಿಸಿತು. ನರ್ಸ್ ಬಾಗಿಲು ತೆರೆದು, “ಭುಜದವರು ಬನ್ನಿ” ಅಂದಳು.

ಗಂಡ ಎದ್ದೇನೋ ನಿಂತ, ಆದರೆ ಮೈಯೆಲ್ಲ ಹೊರಬಾಗಿಲ ಕಡೆಗೆ ವಾಲಿತ್ತು.

“ಈಗ ನೋವು ಅಷ್ಟೇನಿಲ್ಲ. ನಾಳೆ ಬರೋಣ್ವಾ?”

ಹೆಂಡತಿ ಅವನ ಸೊಂಟ ಹಿಡಿದು ಮೆಲ್ಲಗೆ ಡಾಕ್ಟರ ಕೋಣೆಯತ್ತ ತಿರುಗಿಸಿದಳು.

“ಬಂಡೆ ಈ ಕಡೆ ಇದೆ, ರೀ.”