ಹಣೆಗೆ ಹಚ್ಚಿದ ರೂಪಾಯಿ

ಹಾನಗಲ್ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಒಬ್ಬ ತಾಯಿ ಮತ್ತು ಮಗಳು ತಿಳವಳ್ಳಿ ಬಸ್ಸಿಗೆ ಕಾಯುತ್ತ ಕೂತಿದ್ದರು. ಮಗಳು ತಂಬಾಕಿನ ಡಬ್ಬಿಯೊಂದನ್ನು ತೆರೆದಳು. ಅದು ಖಾಲಿಯಿತ್ತು.

“ಯವ್ವಾ, ಇದ್ರಾಗ ಅಪ್ಪ ಇಟ್ಟಿದ್ದ ರೂಪಾಯಿ ಎಲ್ಲೈತಿ?”

“ನಿಮ್ಮಪ್ಪನ ಹಣಿಗೆ ಹಚ್ಚಿದ್ನಲ್ಲ, ಶೀಲಾ. ಮಣ್ಣಾಗ ಅವನ ಜೋಡಿನ ಹೋತು.”

“ಅಯ್ಯ, ಅದನ್ನ ಯಾಕ ಹಚ್ಚಿದಿ?”

“ಮತ್ತೇನ್ ಮಾಡ್ಲಿ? ಅಷ್ಟು ಮಂದಿ ಕೂಡಿದ್ರು, ಒಬ್ಬರ ಕಿಸೆದಾಗೂ ಒಂದ್ರೂಪಾಯಿ ಇರ್ಲಿಲ್ಲ. ಈಗ ಎಲ್ಲಾರೂ ಫೋನಿನಾಗ ರೊಕ್ಕ ಕೊಡೋರು.”

“ಅದು ಅಚ್ಚು ಹಾಕೂವಾಗನ ತಪ್ಪಿದ್ದವ್ವ. ಸಿಂಹ ನೆಟ್ಟಗ ಹಿಡಿದು ಹೊಳ್ಳಿಸಿದ್ರ, ಹಿಂದಿನ ಒಂದರ ಅಂಕಿ ಅಡ್ಡ ಮಲಗಿರ್ತೈತಂತ. ನೀ ಬಂದಾಗ ತೋರಸ್ತೇನಿ ಅಂತ ಫೋನಿನಾಗ ಹೇಳಿದ್ದ.”

“ನನಗೂ ದಿನಾ ತೋರಸಾಕ ಬರ್ತಿದ್ದ. ರೊಟ್ಟಿ ಬಡ್ಯಾಕತ್ತೇನಿ, ಆಮ್ಯಾಲೆ ನೋಡ್ತೇನಿ ಅಂತಿದ್ದೆ.”

ಮಗಳು ಡಬ್ಬಿ ಮುಚ್ಚಿದಳು.

“ಹಚ್ಚಿದಾಗ ಯಾವ ಮಗ್ಗಲ ಹೊರಗಿತ್ತು?”

“ಸಿಂಹ. ನೆಟ್ಟಗ ಐತೋ ಇಲ್ಲೋ ಅಂತ ಎರಡೆರಡು ಸಲ ನೋಡಿ ಹಚ್ಚೇನಿ.”

“ಹಂಗಾರ ಆ ಒಂದು ಅಪ್ಪನ ಹಣಿಗೆ ಅಡ್ಡ ಮಲಗೈತಿ.”

ಅಷ್ಟರಲ್ಲಿ ತಿಳವಳ್ಳಿ ಬಸ್ಸು ಬಂತು. ಜನ ಬಾಗಿಲಿಗೆ ಮುಗಿಬಿದ್ದರು. ತಾಯಿ ಮಾತ್ರ ಕೂತಲ್ಲಿಂದ ಏಳಲಿಲ್ಲ.

“ಶೀಲಾ, ಅಂಥಾ ರೂಪಾಯಿ ನಿಮ್ಮಪ್ಪ ಹೋದಲ್ಲಿ ನಡೀತೈತೇನ?”

“ಇಲ್ಲಿ ನಡೀತಿತ್ತವ್ವ,” ಎಂದು ಮಗಳು ತಾಯಿಯ ರಟ್ಟೆ ಹಿಡಿದು ಎಬ್ಬಿಸಿ, ಬಸ್ಸಿನತ್ತ ಕರೆದೊಯ್ದಳು.